ಗುರಿ ತಪ್ಪಲಿಲ್ಲ, ಗುರಿಯೇ ತಪ್ಪಾಗಿತ್ತು: ‘ಪ್ರಿಸಿಷನ್’ ಎಂಬ ಪದದ ಅರ್ಥ ಮತ್ತು ಬಳಕೆ

1999ರ ಮೇ 7ರ ರಾತ್ರಿ. ಯುಗೊಸ್ಲಾವಿಯಾದ ಮೇಲೆ ನ್ಯಾಟೊ ಪಡೆಗಳ ವಾಯುದಾಳಿ ನಡೆದಿದ್ದ ದಿನಗಳು. ಅಮೆರಿಕದ ಬಿ-2 ವಿಮಾನವೊಂದು ಬೆಲ್‌ಗ್ರೇಡ್ ನಗರದ ಒಂದು ಕಟ್ಟಡದ ಮೇಲೆ ಉಪಗ್ರಹ ನಿರ್ದೇಶಿತ ಐದು ಬಾಂಬುಗಳನ್ನು ಹಾಕಿತು. ನಿಗದಿಪಡಿಸಿದ ಅಕ್ಷಾಂಶ-ರೇಖಾಂಶಕ್ಕೇ ಅವು ಹೋಗಿ ಬಿದ್ದವು. ಆದರೆ ಆ ಕಟ್ಟಡ ಅಮೆರಿಕದವರು ಎಣಿಸಿದ್ದಂತೆ ಯುಗೊಸ್ಲಾವಿಯಾದ ಸೇನಾ ಸಾಮಗ್ರಿ ಖರೀದಿ ನಿರ್ದೇಶನಾಲಯವಾಗಿರಲಿಲ್ಲ. ಅದು ಚೀನಾದ ರಾಯಭಾರ ಕಚೇರಿಯಾಗಿತ್ತು. ಮೂವರು ಚೀನೀ ಪತ್ರಕರ್ತರು ಪ್ರಾಣ ಕಳೆದುಕೊಂಡರು. ರಾಯಭಾರ ಕಚೇರಿ ಹೊಸ ಸ್ಥಳಕ್ಕೆ ಬಂದಿದ್ದುದು ತಮ್ಮ ನಕ್ಷೆಗಳಲ್ಲಿ ದಾಖಲಾಗಿರಲಿಲ್ಲ, ಗುರಿಯನ್ನು ಗುರುತಿಸುವಲ್ಲೇ ಪ್ರಮಾದವಾಯಿತು ಎಂದು ಅಮೆರಿಕ ಬಳಿಕ ವಿವರಣೆ ನೀಡಿತು. ಚೀನಾ ಆ ವಿವರಣೆಯನ್ನು ಒಪ್ಪಲಿಲ್ಲ.

ರಾಜಕೀಯ ವಿವಾದವನ್ನು ಬದಿಗಿಟ್ಟು ಭಾಷೆಯ ದೃಷ್ಟಿಯಿಂದ ನೋಡಿದರೆ ಈ ಘಟನೆ ಒಂದು ಕುತೂಹಲಕರ ಪ್ರಶ್ನೆಯನ್ನು ಮುಂದಿಡುತ್ತದೆ. ಆ ದಾಳಿಯನ್ನು ‘ನಿಖರ’ ಎನ್ನಬೇಕೆ, ಬೇಡವೆ? ಬಾಂಬುಗಳು ಗುರಿ ತಪ್ಪಲಿಲ್ಲ, ಗುರಿಯೇ ತಪ್ಪಾಗಿತ್ತು. ಇಂಗ್ಲಿಷಿನಲ್ಲಿ ಇದನ್ನು ಎರಡು ಪದಗಳಲ್ಲಿ ಹೇಳಿ ಮುಗಿಸಬಹುದು. ದಾಳಿ ‘ಪ್ರಿಸೈಸ್’ ಆಗಿತ್ತು, ‘ಆಕ್ಯುರೇಟ್’ ಆಗಿರಲಿಲ್ಲ. ಕನ್ನಡದಲ್ಲಿ ಈ ಎರಡಕ್ಕೂ ನಾವು ಸಾಮಾನ್ಯವಾಗಿ ‘ನಿಖರ’ ಎಂದೇ ಬರೆಯುತ್ತೇವೆ. ಹಾಗೆ ಬರೆದಾಗ ಎರಡರ ನಡುವಣ ಅಂತರ ಕಣ್ಮರೆಯಾಗುತ್ತದೆ.

ಯುದ್ಧವರದಿ, ಚುನಾವಣಾ ಸಮೀಕ್ಷೆ, ಔಷಧ, ಕೃಷಿ, ಯಂತ್ರೋದ್ಯಮ, ಗಣಕವಿಜ್ಞಾನ ಹೀಗೆ ಎಲ್ಲೆಡೆ ಕಾಣಿಸಿಕೊಳ್ಳುವ ಈ ‘ಪ್ರಿಸಿಷನ್’ ಎಂಬ ಪದದ ಅರ್ಥವೇನು, ಅದರ ಬಳಕೆ ಹೇಗೆ, ಅದು ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕತ್ತರಿಯಿಂದ ಹುಟ್ಟಿದ ಪದ

‘ಪ್ರಿಸೈಸ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ಪ್ರೇಸಿಸುಸ್’. ‘ಪ್ರೇ’ ಎಂದರೆ ಮುಂದೆ ಅಥವಾ ಮುಂಚೆ. ‘ಕೈದೆರೆ’ ಎಂದರೆ ಕತ್ತರಿಸು. ಮುಂದಿನ ತುದಿಯನ್ನು ಕತ್ತರಿಸಿ ಚಿಕ್ಕದಾಗಿಸಿದ್ದು ಎಂಬುದು ಮೂಲಾರ್ಥ. ಫ್ರೆಂಚ್ ಭಾಷೆಯ ಮೂಲಕ 15ನೆಯ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂತು. ಅನಗತ್ಯವಾದುದನ್ನು ಕತ್ತರಿಸಿ ತೆಗೆದಾಗ ಉಳಿಯುವ ಸ್ಪಷ್ಟವಾದ ಅಂಚು ಯಾವುದೋ ಅದೇ ಪ್ರಿಸೈಸ್.

‘ಕತ್ತರಿಸು’ ಎಂಬ ಇದೇ ಧಾತುವಿನಿಂದ ಹುಟ್ಟಿದ ಹಲವು ಪದಗಳು ನಮಗೆ ಪರಿಚಿತ. ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಹಾಕುವ ‘ಇನ್ಸಿಷನ್’ ಒಳಗೆ ಕತ್ತರಿಸುವುದು. ‘ಕನ್ಸೈಸ್’ ಎಂದರೆ ಕತ್ತರಿಸಿ ಸಂಕ್ಷೇಪಗೊಳಿಸಿದ್ದು. ‘ಡಿಸಿಷನ್’ ಎಂದರೆ ಉಳಿದ ಆಯ್ಕೆಗಳನ್ನು ಕತ್ತರಿಸಿಹಾಕಿ ಒಂದನ್ನು ಉಳಿಸಿಕೊಳ್ಳುವುದು. ಶಾಲೆಯಲ್ಲಿ ಇಂಗ್ಲಿಷ್ ಪಾಠದ ಅಂಗವಾಗಿ ಬರುವ, ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇಂದಿಗೂ ಕೇಳುವ ‘ಪ್ರೆಸಿ’ ಬರವಣಿಗೆಯೂ ಈ ಕುಟುಂಬದ್ದೇ. ಉದ್ದನೆಯ ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುವ ಆ ಅಭ್ಯಾಸದ ಹೆಸರು ‘ಪ್ರಿಸೈಸ್’ ಪದದ ಫ್ರೆಂಚ್ ರೂಪವೇ ಆಗಿದೆ.

ಹೋಲಿಕೆಗೆ ‘ಆಕ್ಯುರೇಟ್’ ಪದವನ್ನು ನೋಡಬಹುದು. ಇದರ ಮೂಲದಲ್ಲಿರುವುದು ಲ್ಯಾಟಿನ್‌ನ ‘ಕ್ಯೂರಾ’, ಎಂದರೆ ಕಾಳಜಿ, ಆರೈಕೆ. ರೋಗ ಗುಣವಾಗುವುದನ್ನು ಹೇಳುವ ‘ಕ್ಯೂರ್’, ವಸ್ತುಸಂಗ್ರಹಾಲಯದ ‘ಕ್ಯುರೇಟರ್’ ಇವು ಅದರ ಸೋದರ ಪದಗಳು. ಕಾಳಜಿಯಿಂದ ಮಾಡಿದ್ದು ಆಕ್ಯುರೇಟ್. 17ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದ ಈ ಪದ ಕ್ರಮೇಣ ‘ವಾಸ್ತವಕ್ಕೆ ಅನುಗುಣವಾದ’ ಎಂಬ ಅರ್ಥದಲ್ಲಿ ನೆಲೆಗೊಂಡಿತು.

ಮೂರನೆಯದು ‘ಎಕ್ಸಾಕ್ಟ್’. ಹೊರಗೆಳೆ, ವಸೂಲು ಮಾಡು, ತೂಗಿ ನೋಡು ಎಂಬ ಅರ್ಥಗಳಿದ್ದ ‘ಎಕ್ಸಿಗೆರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ತಕ್ಕಡಿಯ ಮುಳ್ಳಿಗೆ ಲ್ಯಾಟಿನ್‌ನಲ್ಲಿ ‘ಎಕ್ಸಾಮೆನ್’ ಎಂಬ ಹೆಸರಿದ್ದು, ಅದೂ ಇದೇ ಮೂಲದ್ದು. ವಿದ್ಯಾರ್ಥಿಗಳ ನಿದ್ದೆಗೆಡಿಸುವ ‘ಎಕ್ಸಾಮ್’ ಹುಟ್ಟಿದ್ದು ಆ ಮುಳ್ಳಿನಿಂದಲೇ.

ಹೀಗೆ ಮೂರು ಪದಗಳ ಮೂಲದಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು ಕತ್ತರಿಸುವುದು, ಇನ್ನೊಂದು ಕಾಳಜಿ ವಹಿಸುವುದು, ಮತ್ತೊಂದು ತೂಗಿ ನೋಡುವುದು. ಕತ್ತರಿಸಲು ಹರಿತವಾದ ಸಾಧನವೊಂದಿದ್ದರೆ ಸಾಕು. ಕತ್ತರಿಸಿದ ಜಾಗ ಸರಿಯೇ ಎಂದು ನೋಡಲು ಕಾಳಜಿ ಬೇಕು.

ದಿನಬಳಕೆಯಲ್ಲಿ

ಇಂಗ್ಲಿಷಿನಲ್ಲಿ ಈ ಪದಗಳು ಯಾವ ಮಾತುಗಳ ಜೊತೆ ಸೇರುತ್ತವೆ ಎಂಬುದನ್ನು ಗಮನಿಸಿದರೆ ಅವುಗಳ ಸ್ವಭಾವ ತಿಳಿಯುತ್ತದೆ. ಸೂಚನೆ, ಸ್ಥಳ, ಕ್ಷಣ, ವ್ಯಾಖ್ಯೆ, ಪದಪ್ರಯೋಗ ಇವುಗಳ ಜೊತೆ ‘ಪ್ರಿಸೈಸ್’ ಸಹಜವಾಗಿ ಬರುತ್ತದೆ. ವರದಿ, ಭವಿಷ್ಯ, ಅನುವಾದ, ಗಡಿಯಾರ ಇವುಗಳ ಜೊತೆ ‘ಆಕ್ಯುರೇಟ್’ ಹೆಚ್ಚು ಹೊಂದುತ್ತದೆ. ಚಿಲ್ಲರೆ, ಪ್ರತಿ, ಒಬ್ಬರು ಆಡಿದ ಮಾತು ಇವುಗಳಿಗೆ ‘ಎಕ್ಸಾಕ್ಟ್’ ಸೂಕ್ತ. ಬಸ್ಸಿನಲ್ಲಿ ನಿರ್ವಾಹಕರು ಕೇಳುವ ‘ಎಕ್ಸಾಕ್ಟ್ ಚೇಂಜ್’ ಜಾಗದಲ್ಲಿ ‘ಪ್ರಿಸೈಸ್ ಚೇಂಜ್’ ಎಂದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಒಗ್ಗುವುದಿಲ್ಲ.

ಸಾಕ್ಷಿಯೊಬ್ಬರ ಹೇಳಿಕೆಯನ್ನು ಊಹಿಸಿಕೊಳ್ಳಿ. ‘ಸಂಜೆಯ ಹೊತ್ತು ಬಿಳಿ ಬಣ್ಣದ ಕಾರೊಂದು ಬಂತು’ ಎಂದು ಒಬ್ಬರು ಹೇಳುತ್ತಾರೆ. ನಡೆದದ್ದೂ ಹಾಗೆಯೇ ಆಗಿದ್ದರೆ ಆ ಹೇಳಿಕೆ ಆಕ್ಯುರೇಟ್, ಆದರೆ ಪ್ರಿಸೈಸ್ ಅಲ್ಲ. ‘ಸಂಜೆ 6 ಗಂಟೆ 42 ನಿಮಿಷಕ್ಕೆ ಬಂತು’ ಎಂದು ನೋಂದಣಿ ಸಂಖ್ಯೆಯ ಪ್ರತಿಯೊಂದು ಅಂಕಿಯನ್ನೂ ಹೇಳುವ ಇನ್ನೊಬ್ಬರ ಹೇಳಿಕೆ ಪ್ರಿಸೈಸ್. ಆ ಸಂಖ್ಯೆ ಬೇರಾವುದೋ ಕಾರಿನದ್ದಾಗಿದ್ದರೆ ಅದು ಆಕ್ಯುರೇಟ್ ಅಲ್ಲ. ಎರಡನೆಯವರ ಮಾತನ್ನೇ ನಾವು ಹೆಚ್ಚು ನಂಬುವ ಸಂಭವವಿದೆ ಎಂಬುದು ಗಮನಿಸಬೇಕಾದ ಅಂಶ. ವಿವರ ಹೆಚ್ಚಾದಂತೆ ವಿಶ್ವಾಸವೂ ಹೆಚ್ಚುವುದು ಮನುಷ್ಯ ಸ್ವಭಾವ.

ಕೆಲವು ಕಿರುಪ್ರಯೋಗಗಳನ್ನೂ ಇಲ್ಲಿ ಹೇಳಬೇಕು. ‘ಪ್ರಿಸೈಸ್ಲಿ’ ಎಂದು ಒಂದೇ ಪದದಲ್ಲಿ ಉತ್ತರಿಸಿದರೆ ‘ನೀವು ಹೇಳಿದ್ದು ಅಕ್ಷರಶಃ ಸರಿ’ ಎಂಬ ಸಮ್ಮತಿ. ‘ಟು ಬಿ ಪ್ರಿಸೈಸ್’ ಎಂದರೆ ‘ಇನ್ನಷ್ಟು ನಿರ್ದಿಷ್ಟವಾಗಿ ಹೇಳುವುದಾದರೆ’ ಎಂದರ್ಥ. ಈ ಪೀಠಿಕೆಯ ನಂತರ ಹಿಂದಿನ ಮಾತಿಗಿಂತ ಸೂಕ್ಷ್ಮವಾದ ವಿವರ ಬರಲೇಬೇಕು. ಬಾರದಿದ್ದರೆ ಅದು ಬರಿಯ ಅಲಂಕಾರ. ‘ನಾಟ್ ಎಕ್ಸಾಕ್ಟ್ಲಿ’ ಎಂಬುದು ‘ಹಾಗಲ್ಲ’ ಎಂಬುದನ್ನು ನಯವಾಗಿ ಹೇಳುವ ಬಗೆ. ‘ಅರ್ಧ ಸರಿ’ ಎಂದು ಅದನ್ನು ಅನುವಾದಿಸಿದರೆ ಹೇಳಿದವರ ನಿಲುವೇ ಬದಲಾಗಿಬಿಡುತ್ತದೆ.

ಪ್ರಯೋಗಾಲಯದ ವ್ಯಾಖ್ಯೆ

ಆಡುಮಾತಿನಲ್ಲಿ ಇಂಗ್ಲಿಷಿನವರೂ ಪ್ರಿಸಿಷನ್ ಮತ್ತು ಆಕ್ಯುರಸಿಗಳನ್ನು ಬೆರೆಸಿ ಬಳಸುವುದುಂಟು. ಅಳತೆಯ ವಿಜ್ಞಾನದಲ್ಲಿ ಮಾತ್ರ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಪ್ರಿಸಿಷನ್ ಎಂದರೆ ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದಾಗ ಬರುವ ಉತ್ತರಗಳು ಪರಸ್ಪರ ಎಷ್ಟು ಹತ್ತಿರ ಇವೆ ಎಂಬುದು. ಅವು ನಿಜವಾದ ಬೆಲೆಗೆ ಹತ್ತಿರವಿವೆಯೇ ಎಂಬುದು ಬೇರೆಯೇ ಪ್ರಶ್ನೆ.

ಒಂದು ಉದಾಹರಣೆ. ಮಧುಮೇಹಿಯೊಬ್ಬರ ರಕ್ತದ ಸಕ್ಕರೆಯ ನಿಜವಾದ ಪ್ರಮಾಣ 110 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಬಳಸುವ ಒಂದು ಗ್ಲುಕೋಮೀಟರ್ ನಾಲ್ಕು ಬಾರಿ ಕ್ರಮವಾಗಿ 149, 150, 151, 150 ಎಂದು ತೋರಿಸುತ್ತದೆ. ಇನ್ನೊಂದು 85, 135, 100, 120 ಎಂದು ತೋರಿಸುತ್ತದೆ. ಮೊದಲನೆಯ ಉಪಕರಣದ ಪ್ರಿಸಿಷನ್ ಉತ್ತಮ, ಆದರೆ ಅದು ಪ್ರತಿ ಬಾರಿಯೂ 40ರಷ್ಟು ಹೆಚ್ಚು ಹೇಳುತ್ತಿದೆ. ಎರಡನೆಯದರ ಉತ್ತರಗಳ ಸರಾಸರಿ ಸರಿಯಾಗಿ 110 ಬರುತ್ತದೆ, ಆದರೆ ಯಾವ ಒಂದು ಉತ್ತರವನ್ನೂ ನಂಬುವಂತಿಲ್ಲ. ಅಪಾಯ ಎರಡರಲ್ಲೂ ಇದೆ. ಎರಡನೆಯದು ತನ್ನ ದೋಷವನ್ನು ತಾನೇ ಬಯಲು ಮಾಡುತ್ತದೆ, ಸಂಖ್ಯೆಗಳು ಕುಣಿಯುವುದನ್ನು ಕಂಡ ಯಾರಿಗಾದರೂ ಸಂಶಯ ಬರುತ್ತದೆ. ಮೊದಲನೆಯದರ ಮೇಲೆ ಮಾತ್ರ ಸಂಶಯವೇ ಮೂಡದು. ಅದು ತೋರಿಸಿದ ಸಂಖ್ಯೆಯನ್ನೇ ನಂಬಿ ಇನ್ಸುಲಿನ್ ಪ್ರಮಾಣವನ್ನು ನಿರ್ಧರಿಸಿದರೆ ಪರಿಣಾಮ ಗಂಭೀರವಾದೀತು.

ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ 1994ರಲ್ಲಿ ಹೊರತಂದ 5725 ಸಂಖ್ಯೆಯ ಮಾನಕವು ಈ ಗೊಂದಲವನ್ನು ಬಿಡಿಸಲು ಮೂರು ಪದಗಳನ್ನು ಬಳಸುತ್ತದೆ. ಅಳತೆಗಳ ಸರಾಸರಿ ನಿಜಕ್ಕೆ ಎಷ್ಟು ಹತ್ತಿರವೆಂಬುದು ‘ಟ್ರೂನೆಸ್’. ಅಳತೆಗಳು ಒಂದಕ್ಕೊಂದು ಎಷ್ಟು ಹತ್ತಿರವೆಂಬುದು ‘ಪ್ರಿಸಿಷನ್’. ಈ ಎರಡೂ ಕೂಡಿದಾಗ ಮಾತ್ರ ‘ಆಕ್ಯುರಸಿ’. ಗ್ಲುಕೋಮೀಟರುಗಳಿಗಾಗಿಯೇ ಇರುವ 2013ರ ಐಎಸ್ಒ 15197 ಮಾನಕದ ಪ್ರಕಾರ, ಸಕ್ಕರೆ ಪ್ರಮಾಣ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶೇ 95ರಷ್ಟು ಫಲಿತಾಂಶಗಳು ಪ್ರಯೋಗಾಲಯದ ಮೌಲ್ಯದಿಂದ ಶೇ 15ರ ಒಳಗಿರಬೇಕು. 100ಕ್ಕಿಂತ ಕಡಿಮೆ ಇದ್ದಾಗ ವ್ಯತ್ಯಾಸ 15 ಮಿಲಿಗ್ರಾಂ ಮೀರಬಾರದು. ಎಂದರೆ, ಪರದೆಯ ಮೇಲೆ ‘150’ ಎಂದು ಕಾಣುವ ಸಂಖ್ಯೆಯ ಹಿಂದೆ ಇಪ್ಪತ್ತು-ಮೂವತ್ತರ ಸಡಿಲು ಇರುವುದನ್ನು ಮಾನಕವೇ ಒಪ್ಪಿಕೊಳ್ಳುತ್ತದೆ.

ಗಡಿಯಾರದ ಉದಾಹರಣೆ ಇನ್ನೂ ಸರಳ. ಬಸ್ಸು ತಪ್ಪದಿರಲೆಂದು ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ರೂಢಿ ಅನೇಕರಲ್ಲಿದೆ. ಆ ಗಡಿಯಾರ ಪ್ರತಿ ಸೆಕೆಂಡನ್ನೂ ತಪ್ಪದೆ ಎಣಿಸುತ್ತದೆ, ಆದರೆ ಹೇಳುವ ಸಮಯ ಸದಾ ತಪ್ಪು. ಮನೆಯವರಿಗೆ ಆ ಹತ್ತು ನಿಮಿಷದ ಗುಟ್ಟು ತಿಳಿದಿರುವುದರಿಂದ ತೊಂದರೆಯಿಲ್ಲ. ಮನೆಗೆ ಬಂದ ನೆಂಟರಿಗೆ ಅದು ತಿಳಿದಿರುವುದಿಲ್ಲ.

ದಶಾಂಶದ ಮೋಹ

ಪ್ರಿಸಿಷನ್‌ಗೆ ಸಂಬಂಧಿಸಿದ ಇನ್ನೊಂದು ಅರ್ಥ ಅಂಕಿಗಳ ಸೂಕ್ಷ್ಮತೆ. 5 ಎನ್ನುವುದಕ್ಕಿಂತ 5.03 ಎನ್ನುವುದು ಹೆಚ್ಚು ಪ್ರಿಸೈಸ್. ಅಳತೆಯಲ್ಲಿ ಇಲ್ಲದ ಸೂಕ್ಷ್ಮತೆಯನ್ನು ಅಂಕಿಗಳಲ್ಲಿ ತೋರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಫಾಲ್ಸ್ ಪ್ರಿಸಿಷನ್’ ಎನ್ನುತ್ತಾರೆ. ಹುಸಿ ಸೂಕ್ಷ್ಮತೆ ಎಂದು ಕರೆಯಬಹುದಾದ ಈ ದೋಷ ನಮ್ಮ ನಿತ್ಯಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಜ್ವರಮಾಪಕವೇ ಸಾಕ್ಷಿ.

ಆರೋಗ್ಯವಂತರ ದೇಹದ ಉಷ್ಣತೆ 98.6 ಡಿಗ್ರಿ ಫ್ಯಾರನ್‌ಹೀಟ್ ಎಂಬುದು ಮನೆಮಾತು. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಖ್ ಸುಮಾರು 25,000 ರೋಗಿಗಳ ಉಷ್ಣತೆಯನ್ನು ಪರಿಶೀಲಿಸಿ 1868ರಲ್ಲಿ ಪ್ರಕಟಿಸಿದ ಗ್ರಂಥ ಇದರ ಮೂಲ. ಅವರು ನೀಡಿದ್ದು 37 ಡಿಗ್ರಿ ಸೆಲ್ಸಿಯಸ್ ಎಂಬ ದುಂಡನೆಯ ಸಂಖ್ಯೆಯನ್ನು. ಅದನ್ನು ಫ್ಯಾರನ್‌ಹೀಟ್‌ಗೆ ಪರಿವರ್ತಿಸಿದಾಗ 98.6 ಬಂತು. ಮೂಲದಲ್ಲಿ ಇಲ್ಲದ ದಶಾಂಶವೊಂದು ಲೆಕ್ಕಾಚಾರದಿಂದ ಸೇರಿಕೊಂಡು, ಡಿಗ್ರಿಯ ಹತ್ತನೆಯ ಒಂದು ಭಾಗದವರೆಗೆ ಅಳೆದು ನಿರ್ಧರಿಸಿದ ಸತ್ಯದಂತೆ ಲೋಕಪ್ರಸಿದ್ಧವಾಯಿತು. ಅಮೆರಿಕದಲ್ಲಿ 148 ಆರೋಗ್ಯವಂತರ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 98.2 ಡಿಗ್ರಿ ಎಂದು ಕಂಡುಬಂತು. ಅದಕ್ಕಿಂತ ಮುಖ್ಯವಾಗಿ, ಉಷ್ಣತೆ ವ್ಯಕ್ತಿಯಿಂದ ವ್ಯಕ್ತಿಗೂ ಬೆಳಗಿನಿಂದ ಸಂಜೆಗೂ ಬದಲಾಗುತ್ತದೆ.

ಎವರೆಸ್ಟ್ ಶಿಖರದ ಎತ್ತರದ ಕಥೆ ಇದಕ್ಕೂ ಸ್ವಾರಸ್ಯಕರ. ಅದರ ಹಿಂದಿನ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ನಮ್ಮ ರಾಜ್ಯದ ನಂಟೂ ಇದೆ. 1802ರಲ್ಲಿ ಮದ್ರಾಸಿನಲ್ಲಿ ಆ ಕಾರ್ಯಕ್ಕೆ ವಿಧ್ಯುಕ್ತ ಚಾಲನೆ ನೀಡುವ ಮುನ್ನ, 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಉಕ್ಕಿನ ಸರಪಣಿ ಹಿಡಿದು ಆಧಾರರೇಖೆಯೊಂದನ್ನು ಅಳೆದದ್ದು ಬೆಂಗಳೂರಿನ ಬಳಿ. ಅರ್ಧ ಶತಮಾನದ ಬಳಿಕ ಅದೇ ಸರ್ವೇಕ್ಷಣೆ ಹಿಮಾಲಯವನ್ನು ತಲುಪಿತು. ಗಣಿತಜ್ಞ ರಾಧಾನಾಥ ಸಿಕ್ದಾರ್ ಅವರ ಲೆಕ್ಕಾಚಾರಗಳ ಆಧಾರದ ಮೇಲೆ 1856ರಲ್ಲಿ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಶಿಖರದ ಎತ್ತರ 29,002 ಅಡಿ ಎಂದು ಪ್ರಕಟಿಸಿದರು. ಲೆಕ್ಕದಲ್ಲಿ ಬಂದದ್ದು ಸರಿಯಾಗಿ 29,000 ಅಡಿ, ಅಷ್ಟು ದುಂಡನೆಯ ಸಂಖ್ಯೆ ಹೇಳಿದರೆ ಜನರು ಅಂದಾಜೆಂದು ಭಾವಿಸಿಯಾರೆಂದು ಎರಡು ಅಡಿ ಸೇರಿಸಲಾಯಿತು ಎಂಬ ಕಥೆ ಬಹುಕಾಲದಿಂದ ಪ್ರಚಲಿತವಾಗಿದೆ. ಕಥೆಯ ತಿರುಳು ಸ್ಪಷ್ಟ. ಸತ್ಯವಾದ ಅಳತೆ ನಂಬಿಕೆಗೆ ಅರ್ಹವೆನಿಸಲು ಎರಡು ಅಡಿ ಸುಳ್ಳು ಬೇಕಾಯಿತು. ನೇಪಾಳ ಮತ್ತು ಚೀನಾ 2020ರ ಡಿಸೆಂಬರಿನಲ್ಲಿ ಜಂಟಿಯಾಗಿ ಘೋಷಿಸಿದ ಎತ್ತರ 8,848.86 ಮೀಟರ್, ಎಂದರೆ ಸುಮಾರು 29,032 ಅಡಿ. ಬರಿಯ ದೂರದ ವೀಕ್ಷಣೆಯಿಂದ ಹತ್ತೊಂಬತ್ತನೆಯ ಶತಮಾನದವರು ಇಷ್ಟು ಸಮೀಪ ಬಂದದ್ದು ಅಸಾಧಾರಣ ಸಾಧನೆಯೇ ಸರಿ. ಆದರೆ ಕೊನೆಯಲ್ಲಿದ್ದ ಆ ‘2’ ಅಂಕಿಗೆ ಅರ್ಥವಿರಲಿಲ್ಲ.

ಸುದ್ದಿಮನೆಗಳೂ ಈ ದೋಷದಿಂದ ಮುಕ್ತವಲ್ಲ. ಇಂಗ್ಲಿಷ್ ಸುದ್ದಿಸಂಸ್ಥೆಯ ವರದಿಯಲ್ಲಿ ‘ಸುಮಾರು 60 ಮೈಲಿ ದೂರ’ ಎಂದಿರುತ್ತದೆ. ಅವಸರದಲ್ಲಿ ಅನುವಾದಿಸುವ ಉಪಸಂಪಾದಕರು ಗಣಕಯಂತ್ರದಲ್ಲಿ ಗುಣಿಸಿ ‘ಸುಮಾರು 96.56 ಕಿ.ಮೀ. ದೂರ’ ಎಂದು ಬರೆಯುತ್ತಾರೆ. ‘ಸುಮಾರು’ ಎಂದ ಮೇಲೆ ಮೀಟರುಗಳ ಲೆಕ್ಕ ಎಲ್ಲಿಯದು? ‘ಸುಮಾರು 100 ಕಿ.ಮೀ.’ ಎಂದರೆ ಮೂಲಕ್ಕೆ ಹೆಚ್ಚು ನಿಷ್ಠವಾದ ಅನುವಾದವಾಗುತ್ತದೆ. ಈ ಲೇಖಕನೂ ವೃತ್ತಿಯ ಆರಂಭದಲ್ಲಿ ಇಂತಹ ಕಿಲೋಮೀಟರುಗಳನ್ನು ಬರೆದದ್ದುಂಟು.

ಸಮೀಕ್ಷೆಗಳ ಒಮ್ಮತ

ಚುನಾವಣಾ ಸಮೀಕ್ಷೆಗಳಲ್ಲಿ ಪ್ರಿಸಿಷನ್ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಪ್ರಸಿದ್ಧ ನಿದರ್ಶನ. ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಅಂಚೆಯಲ್ಲಿ ಮತಪತ್ರಗಳನ್ನು ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅಷ್ಟೊಂದು ಉತ್ತರಗಳಿದ್ದಾಗ ಕಾಕತಾಳೀಯ ಏರುಪೇರು ನಗಣ್ಯ. ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಫಲಿತಾಂಶ ಬಂದಾಗ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದಿದ್ದರು. ದೂರವಾಣಿ ಮತ್ತು ಕಾರು ಹೊಂದಿದವರ ಪಟ್ಟಿಗಳಿಂದ ಹೆಸರುಗಳನ್ನು ಆಯ್ದುಕೊಂಡದ್ದು, ಉತ್ತರಿಸುವ ಆಸಕ್ತಿ ರೂಸ್‌ವೆಲ್ಟ್ ವಿರೋಧಿಗಳಲ್ಲೇ ಹೆಚ್ಚಿದ್ದದ್ದು ಇದಕ್ಕೆ ಕಾರಣವೆಂದು ತಜ್ಞರು ವಿವರಿಸಿದ್ದಾರೆ. ಅದಕ್ಕಿಂತ ಬಹಳ ಚಿಕ್ಕ ಸಮೀಕ್ಷೆ ನಡೆಸಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಗುರುತಿಸಿದ್ದರು.

ನಮ್ಮ ದೇಶದ 2024ರ ಲೋಕಸಭಾ ಚುನಾವಣೆಯೂ ನೆನಪಿಗೆ ಬರುತ್ತದೆ. ಜೂನ್ 1ರ ಸಂಜೆ ಪ್ರಕಟವಾದ ಮತಗಟ್ಟೆ ಸಮೀಕ್ಷೆಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350 ಅಥವಾ ಅದಕ್ಕಿಂತ ಹೆಚ್ಚು ಸ್ಥಾನ ನೀಡಿದ್ದವು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ ಎಂದರೆ ಅದು ನಿಜವಿರಲೇಬೇಕು ಎಂಬ ಭಾವನೆ ವೀಕ್ಷಕರಲ್ಲಿ ಮೂಡಿತ್ತು. ಜೂನ್ 4ರಂದು ಬಂದ ಸಂಖ್ಯೆ 293. ಸಮೀಕ್ಷೆಗಳು ಒಂದಕ್ಕೊಂದು ಹತ್ತಿರವಿದ್ದವು, ವಾಸ್ತವದಿಂದ ದೂರವಿದ್ದವು. ಪ್ರಯೋಗಾಲಯದ ವ್ಯಾಖ್ಯೆಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಒಂದೇ ಬಗೆಯ ದೋಷ ಹಲವರಲ್ಲಿದ್ದರೆ ಅವರ ಒಮ್ಮತವು ದೋಷದ ಒಮ್ಮತವೂ ಆಗಿರಬಹುದು.

ಕತ್ತರಿಸಿದ ತುಣುಕಿನ ಬೆಲೆ

ಪ್ರಿಸಿಷನ್ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೂ ಒಂದು ಘೋರ ನಿದರ್ಶನವಿದೆ. 1991ರ ಫೆಬ್ರುವರಿ 25ರಂದು, ಕೊಲ್ಲಿ ಯುದ್ಧದ ವೇಳೆ, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿದ್ದ ಅಮೆರಿಕದ ಸೇನಾ ವಸತಿಯ ಮೇಲೆ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಬಿದ್ದು 28 ಯೋಧರು ಮೃತಪಟ್ಟರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಸ್ಕಡ್ ಇದ್ದ ಜಾಗವನ್ನು ಬಿಟ್ಟು ಬೇರೆಡೆ ನೋಡುತ್ತಿತ್ತು.

ತನಿಖೆಯಿಂದ ತಿಳಿದುಬಂದ ಕಾರಣ ಹೀಗಿದೆ. ಆ ವ್ಯವಸ್ಥೆಯ ಗಣಕಯಂತ್ರ ಸಮಯವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಮೂರನೆಯ ಒಂದು ಭಾಗವನ್ನು ದಶಮಾನದಲ್ಲಿ ಬರೆಯಹೊರಟರೆ 0.3333 ಎಂದು ಹೇಗೆ ಮುಗಿಯುವುದೇ ಇಲ್ಲವೋ, ಹತ್ತನೆಯ ಒಂದು ಭಾಗವನ್ನು ಗಣಕದ ದ್ವಿಮಾನದಲ್ಲಿ ಬರೆದರೂ ಹಾಗೆಯೇ ಮುಗಿಯುವುದಿಲ್ಲ. 24 ಬಿಟ್‌ಗಳಷ್ಟು ಜಾಗ ಮಾತ್ರ ಇದ್ದುದರಿಂದ ಉಳಿದ ತುದಿಯನ್ನು ಕತ್ತರಿಸಲಾಗಿತ್ತು. ಪ್ರತಿ ಎಣಿಕೆಯಲ್ಲಿ ಉಳಿಯುತ್ತಿದ್ದ ದೋಷ ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು. ಯಂತ್ರವನ್ನು ಸುಮಾರು 100 ಗಂಟೆ ನಿಲ್ಲಿಸದೆ ನಡೆಸಿದಾಗ ಎಣಿಕೆಗಳು 36 ಲಕ್ಷವಾದವು, ದೋಷ 0.34 ಸೆಕೆಂಡಿಗೆ ಬೆಳೆಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿಬಿಡುತ್ತದೆ.

‘ಪ್ರಿಸೈಸ್’ ಪದದ ಮೂಲಾರ್ಥ ತುದಿಯನ್ನು ಕತ್ತರಿಸಿದ್ದು ಎಂದು ಆರಂಭದಲ್ಲಿ ನೋಡಿದೆವು. ಎಲ್ಲಿ ಕತ್ತರಿಸಬೇಕು ಎಂಬ ನಿರ್ಧಾರ ಜೀವಗಳ ಪ್ರಶ್ನೆಯೂ ಆಗಬಲ್ಲದು ಎಂಬುದು ಧಹ್ರಾನ್ ಕಲಿಸಿದ ಪಾಠ.

ಹೊಸ ಬಳಕೆಗಳು

ಇತ್ತೀಚಿನ ವರ್ಷಗಳಲ್ಲಿ ಈ ಪದ ಜಾಹೀರಾತುಗಳ ಅಚ್ಚುಮೆಚ್ಚಿನ ಪದವೂ ಆಗಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸುತ್ತಾಡಿದರೆ ‘ಪ್ರಿಸಿಷನ್’ ಎಂಬ ಪದವುಳ್ಳ ನಾಮಫಲಕಗಳು ಸಾಕಷ್ಟು ಕಾಣಸಿಗುತ್ತವೆ. ಅಲ್ಲಿ ಪದಕ್ಕೆ ಮೂರ್ತವಾದ ಅರ್ಥವಿದೆ. 20 ಮಿಲಿಮೀಟರ್ ವ್ಯಾಸದ ಬಿಡಿಭಾಗವನ್ನು ‘ಪ್ಲಸ್ ಆರ್ ಮೈನಸ್ 0.01’ ಟಾಲರೆನ್ಸ್‌ನಲ್ಲಿ ಮಾಡಿಕೊಡಬೇಕು ಎಂದರೆ, ಲೇತ್‌ನಿಂದ ಇಳಿದ ಪ್ರತಿಯೊಂದು ತುಂಡೂ 19.99 ಮತ್ತು 20.01ರ ನಡುವೆ ಇರಲೇಬೇಕು. ಇಲ್ಲದಿದ್ದರೆ ಮಾಲು ವಾಪಸ್ಸು. ಎಷ್ಟು ತಪ್ಪನ್ನು ಸಹಿಸಬಹುದು ಎಂದು ಮೊದಲೇ ಹೇಳಿ ಸಹಿ ಹಾಕುವ ಈ ಪದ್ಧತಿ ಅತ್ಯಂತ ಪ್ರಾಮಾಣಿಕವಾದ ಪ್ರಿಸಿಷನ್.

‘ಪ್ರಿಸಿಷನ್ ಮೆಡಿಸಿನ್’ ಎಂಬುದು 2015ರ ಜನವರಿಯಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬರಾಕ್ ಒಬಾಮ ಘೋಷಿಸಿದ ಯೋಜನೆಯಿಂದ ಹೆಚ್ಚು ಪ್ರಚಾರಕ್ಕೆ ಬಂತು. ತಪ್ಪೇ ಆಗದ ಚಿಕಿತ್ಸೆ ಎಂದು ಇದನ್ನು ಅರ್ಥೈಸಬಾರದು. ಒಂದೇ ಹೆಸರಿನ ಕಾಯಿಲೆಯುಳ್ಳ ರೋಗಿಗಳನ್ನು ವಂಶವಾಹಿ ಮೊದಲಾದ ಲಕ್ಷಣಗಳ ಆಧಾರದ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸಿ, ಆಯಾ ಗುಂಪಿಗೆ ಒಗ್ಗುವ ಔಷಧ ನೀಡುವುದು ಇದರ ಸಾರ. ಸ್ತನ ಕ್ಯಾನ್ಸರ್ ರೋಗಿಗಳ ಪೈಕಿ ಹರ್-2 ಪ್ರೋಟೀನ್ ಅಧಿಕವಾಗಿರುವವರಿಗೆ ಮಾತ್ರ ನೀಡುವ, ಅಮೆರಿಕದಲ್ಲಿ 1998ರಲ್ಲಿ ಅನುಮೋದನೆ ಪಡೆದ ಟ್ರಾಸ್ಟುಜುಮ್ಯಾಬ್ ಇದಕ್ಕೊಂದು ಮಾದರಿ. ‘ಪ್ರಿಸಿಷನ್ ಅಗ್ರಿಕಲ್ಚರ್’ ಎಂಬುದೂ ಹಾಗೆಯೇ. ಹೊಲವನ್ನು ಚಿಕ್ಕ ಭಾಗಗಳಾಗಿ ನೋಡಿ, ಎಲ್ಲಿ ಎಷ್ಟು ಬೇಕೋ ಅಷ್ಟೇ ನೀರು-ಗೊಬ್ಬರ ಕೊಡುವ ಕ್ರಮ. ಎರಡರಲ್ಲೂ ಮರುಕಳಿಸಿರುವುದು ಹಳೆಯ ‘ಕತ್ತರಿಸು’ ಎಂಬ ಅರ್ಥವೇ. ನಾವು ಬಳಸುವ ‘ನಿಖರ ಕೃಷಿ’ ಎಂಬ ಅನುವಾದದಲ್ಲಿ ಆ ಹೊಳಹು ಉಳಿದಿಲ್ಲ.

ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಮಾತ್ರ ಪದಕ್ಕೆ ಬೇರೆಯೇ ಅರ್ಥ. ಯಂತ್ರವೊಂದು 100 ಇ-ಮೇಲ್‌ಗಳನ್ನು ಅನಪೇಕ್ಷಿತವೆಂದು ಗುರುತಿಸಿ, ಅವುಗಳಲ್ಲಿ 80 ನಿಜವಾಗಿ ಅಂಥವೇ ಆಗಿದ್ದರೆ ಅದರ ಪ್ರಿಸಿಷನ್ ಶೇ 80. ಆಕ್ಯುರಸಿ ಎಂದರೆ ಒಟ್ಟು ತೀರ್ಪುಗಳಲ್ಲಿ ಸರಿಯಾದವು ಎಷ್ಟು ಎಂಬುದು. ಸಾವಿರ ಮಂದಿಯಲ್ಲಿ ಹತ್ತು ಮಂದಿಗೆ ಮಾತ್ರ ರೋಗವಿದ್ದಾಗ, ‘ಯಾರಿಗೂ ರೋಗವಿಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಯಂತ್ರದ ಆಕ್ಯುರಸಿ ಶೇ 99. ಆದರೆ ಅದರಿಂದ ಒಬ್ಬ ರೋಗಿಗೂ ಪ್ರಯೋಜನವಿಲ್ಲ. ‘ಶೇ 99 ನಿಖರ’ ಎಂಬ ಶೀರ್ಷಿಕೆಯನ್ನು ಓದುವಾಗ ಇದು ನೆನಪಿನಲ್ಲಿರುವುದು ಒಳಿತು.

ಕನ್ನಡದಲ್ಲಿ ಏನೆನ್ನಬೇಕು?

ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಹಂಚಿ ಬಳಸುವ ಶಿಸ್ತು ಸಾಲದು. ‘ಖಚಿತ’ ಸಂಸ್ಕೃತದಲ್ಲಿ ಹರಳು ಕೂರಿಸಿದ್ದನ್ನು ಹೇಳುವ ಪದ, ‘ರತ್ನಖಚಿತ’ದಲ್ಲಿ ಆ ಅರ್ಥ ಉಳಿದಿದೆ. ಅಲುಗಾಡದ್ದು ಎಂಬ ಭಾವದಿಂದ ಅದು ಹೇಳುವವರ ನಿಶ್ಚಯವನ್ನು ಸೂಚಿಸುತ್ತದೆಯೇ ಹೊರತು ಅಳತೆಯ ಗುಣವನ್ನಲ್ಲ. ‘ನಿರ್ದಿಷ್ಟ’ ಎಂದರೆ ಬೆರಳಿಟ್ಟು ತೋರಿಸಿದ್ದು, ಸ್ಥಳ, ದಿನಾಂಕ, ಸೂಚನೆಗಳಿಗೆ ಹೊಂದುವಂಥದ್ದು. ‘ನಿಷ್ಕೃಷ್ಟ’ ಎಂದರೆ ಹೊರಗೆಳೆದದ್ದು, ಸಾರ ತೆಗೆದದ್ದು. ‘ಎಕ್ಸಾಕ್ಟ್’ ಪದದ ಲ್ಯಾಟಿನ್ ಮೂಲಕ್ಕೆ ಇದು ಆಶ್ಚರ್ಯವೆನಿಸುವಷ್ಟು ಹತ್ತಿರ. ಕರಾರು ಎಂಬ ಅರಬ್ಬಿ ಮೂಲದ ಪದವನ್ನು ಒಡಲಲ್ಲಿಟ್ಟುಕೊಂಡ ‘ಕರಾರುವಾಕ್ಕು’ ಮಾತಿಗೆ ತಪ್ಪದ ಗುಣವನ್ನು ನೆನಪಿಸುತ್ತದೆ. ‘ಯಥಾರ್ಥ’ ಇದ್ದುದಕ್ಕೆ ಇದ್ದಂತೆ ಇರುವುದು.

ಆದ್ದರಿಂದ ‘ಆಕ್ಯುರೇಟ್’ ಎಂಬಲ್ಲಿ ‘ನಿಖರ’ ಅಥವಾ ‘ಯಥಾರ್ಥ’ ಎಂದೂ, ‘ಪ್ರಿಸೈಸ್’ ಎಂಬಲ್ಲಿ ಸಂದರ್ಭ ನೋಡಿ ‘ನಿರ್ದಿಷ್ಟ’, ‘ಸೂಕ್ಷ್ಮ’ ಅಥವಾ ‘ನಿಷ್ಕೃಷ್ಟ’ ಎಂದೂ ಬಳಸಿದರೆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಬೆಲ್‌ಗ್ರೇಡ್ ದಾಳಿಯನ್ನು ಆಗ ‘ನಿರ್ದಿಷ್ಟ ಗುರಿಗೆ ಬಿದ್ದ, ಆದರೆ ಗುರಿಯೇ ತಪ್ಪಾಗಿದ್ದ ದಾಳಿ’ ಎಂದು ಬರೆಯಬಹುದು. ನಾಲ್ಕು ಪದ ಹೆಚ್ಚಾಗುತ್ತದೆ, ಸತ್ಯ ಉಳಿಯುತ್ತದೆ.

ಜೊತೆಗೆ, ಅಂದಾಜನ್ನು ಅಂದಾಜೆಂದೇ ಹೇಳುವ ಸೊಗಸಾದ ದಾರಿಗಳೂ ನಮ್ಮಲ್ಲಿವೆ. ನಾಲ್ಕೈದು, ಹತ್ತಿಪ್ಪತ್ತು, ಹತ್ತಾರು, ನೂರಾರು ಎಂಬ ಜೋಡುಪದಗಳಲ್ಲಿ ಇಲ್ಲದ ಸೂಕ್ಷ್ಮತೆಯ ನಟನೆಯಿಲ್ಲ. ‘ಸುಮಾರು’ ಎಂಬುದು ಎಣಿಕೆ ಎಂಬ ಅರ್ಥದ ಪಾರ್ಸಿ ಪದದಿಂದ ಬಂದು ಕನ್ನಡದಲ್ಲಿ ‘ಎಣಿಕೆಗೆ ಹತ್ತಿರ’ ಎಂದಾಗಿದೆ. ಅನೇಕ ಸಂದರ್ಭಗಳಲ್ಲಿ ‘ಸುಮಾರು ನೂರು ಮಂದಿ’ ಎಂಬ ವರದಿ, ಯಾರೂ ಎಣಿಸದ ‘103 ಮಂದಿ’ಗಿಂತ ಹೆಚ್ಚು ಯಥಾರ್ಥ.

ಸಂಖ್ಯೆಯೊಂದು ಕಣ್ಣಿಗೆ ಬಿದ್ದಾಗ ಓದುಗರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇದು ಎಷ್ಟು ಸೂಕ್ಷ್ಮವಾಗಿದೆ? ಇದು ಎಷ್ಟು ನಿಜ? ಮೊದಲನೆಯದಕ್ಕೆ ಉತ್ತರ ಸಂಖ್ಯೆಯಲ್ಲೇ ಇರುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಅದನ್ನು ಯಾರು ಅಳೆದರು, ಯಾವುದರಿಂದ ಅಳೆದರು, ಯಾವುದಕ್ಕೆ ಹೋಲಿಸಿ ನೋಡಿದರು ಎಂದು ವಿಚಾರಿಸಬೇಕು. ಆ ವಿವರವನ್ನು ಓದುಗರಿಗೆ ಒದಗಿಸುವುದು ವರದಿಗಾರರ ಹೊಣೆ.